ಗುಳೆ ಹೋದವರು ಮತ್ತು ನಮ್ಮ ಮುಸ್ಲಿಂ ಸಂವೇದನೆ

ಕನ್ನಡ ವಿಮರ್ಶೆಯಲ್ಲಿ 'ಮುಸ್ಲಿಂ ಸಂವೇದನೆ' ಎಂಬ ಮಾತು ಬಳಕೆಗೆ ಬಂದು ದಶಕಗಳೇ ಕಳೆದವು. ಬಂಡಾಯದ ದಿನಗಳಲ್ಲಿ ಅದು ಅಗತ್ಯವಾಗಿದ್ದ ಮಾತು. ಬೊಳುವಾರು, ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆಯತೊಡಗಿದ ಮೇಲೆಯೇ ನೆರೆಮನೆಯ ಒಳಗೆ ಏನಿದೆ ಎಂಬುದು ಬಹಳಷ್ಟು ಕನ್ನಡ ಓದುಗರಿಗೆ ತಿಳಿಯಿತು. 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ನಡುವೆಯೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಮುಸ್ಲಿಂ ಬದುಕು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಯಾರ ಬದುಕು? ಕರಾವಳಿಯ ಮನೆ, ಪೇಟೆಯ ಮೊಹಲ್ಲಾ, ತಲಾಖ್, ಜಮಾತ್, ಕೋಮುಗಲಭೆ. ಮಾನ್ವಿಯ ಗದ್ದೆಯಲ್ಲಿ ಭತ್ತದ ಸಸಿ ನಾಟಿ ಮಾಡುವ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವ, ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುವ ಹೆಣ್ಣುಮಗಳು ಈ ಪಟ್ಟಿಯಲ್ಲಿ ಎಲ್ಲಿದ್ದಾಳೆ?

ರಾಯಚೂರು ಜಿಲ್ಲೆ ಕೃಷ್ಣಾ-ತುಂಗಭದ್ರೆಯರ ನಡುವಿನ ನಾಡು. ಎರಡು ನದಿಗಳಿದ್ದೂ ಜನ ಗುಳೆ ಹೋಗುವ ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗಳ ಕಡೆ ಹರಿಯಿತು. ಕರಾವಳಿ ಆಂಧ್ರದ ರೈತರು ಬಂದು ನೆಲ ಕೊಂಡರು. ಅವರು ನೆಲೆನಿಂತ ಊರುಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು. ಕಾಲುವೆಯ ಕೊನೆಭಾಗದ ರೈತರಿಗೆ ಮಾತ್ರ ನೀರಿಗಾಗಿ ಕಾಯುವುದೇ ಬೇಸಾಯವಾಯಿತು. ಅತ್ತ ದೇವದುರ್ಗವನ್ನು 2002ರ ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಸೇರಿಸಿತು. ನಾರಾಯಣಪುರ ಬಲದಂಡೆ ಕಾಲುವೆ ಅಲ್ಲಿಗೂ ನೀರು ತಂದಿತು. ಆದರೆ ಕಾಲುವೆಯ ನೀರು ಹೊಲ ಇದ್ದವನನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ಹೊಲವಿಲ್ಲದವನನ್ನಲ್ಲ. ಕೊಯ್ಲಿಗೆ ಯಂತ್ರ ಬಂದ ಮೇಲಂತೂ ನೀರಾವರಿಯ ಊರಿನಲ್ಲೂ ಕೂಲಿಯ ದಿನಗಳು ಕಡಿಮೆಯಾದವು. ಹೊರಗಿನಿಂದ ಬಂದವರು ನೆಲದಲ್ಲಿ ಬೇರು ಬಿಟ್ಟರು, ಇಲ್ಲೇ ಹುಟ್ಟಿದವರು ಬೇರು ಕಿತ್ತುಕೊಂಡು ಹೊರಟರು. ಬಂದವರ ದುಡಿಮೆಯನ್ನು ಹೀಗಳೆಯುವ ಮಾತಲ್ಲ ಇದು. ನೆಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಸಂಸ್ಕೃತಿಯನ್ನು ಚರ್ಚಿಸಲಾಗದು ಎಂಬುದಷ್ಟೇ ನಮ್ಮ ವಾದ.

ಈ ಸೀಮೆಯ ಬರಹಗಾರರು ಸುಮ್ಮನಿರಲಿಲ್ಲ. ರಾಯಚೂರಿನ ಶಾಂತರಸರ ಕಥಾಸಂಕಲನವೊಂದರ ತಲೆಬರಹವೇ 'ಬಡೇಸಾಬು ಪುರಾಣ'. ಹಳ್ಳಿಯ ಸಾಬನೊಬ್ಬನ ಹೆಸರು 'ಪುರಾಣ'ದ ಜೊತೆ ಕೂಡಿಕೊಂಡದ್ದು ಸಣ್ಣ ಸಂಗತಿಯಲ್ಲ. ಮಾನ್ವಿ ಸೀಮೆಯ ಅಮರೇಶ ನುಗಡೋಣಿಯವರ 'ಸವಾರಿ' ಕಥೆಯನ್ನು ಗಿರೀಶ ಕಾಸರವಳ್ಳಿ 2010ರಲ್ಲಿ 'ಕನಸೆಂಬೋ ಕುದುರೆಯನೇರಿ' ಎಂದು ಚಿತ್ರ ಮಾಡಿದರು. ಕುಣಿ ತೋಡುವ ಇರ್ಯಾನಿಗೆ ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲಿ ಸಾವಾಗಿದೆ ಎಂದೇ ಅರ್ಥ. ಗೌಡರ ಮನೆಗೆ ಹೋದರೆ ಯಾರೂ ಸತ್ತಿಲ್ಲ ಎನ್ನುತ್ತಾರೆ. ಸಾವನ್ನು ಅಲ್ಲಿ ಮುಚ್ಚಿಡಲಾಗಿದೆ. ಇದನ್ನು ಕನಸು-ನಂಬಿಕೆಗಳ ಕಥೆಯೆಂದು ಓದುವುದು ಸುಲಭ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ಇರ್ಯಾನ ನಂಬಿಕೆ ಅವನ ಕಸುಬೂ ಹೌದು. ಊರಿಗೆ ತಾನು ಬೇಕಾದವನು ಎಂಬ ಅವನ ಏಕೈಕ ಆಸ್ತಿಯೂ ಹೌದು. ದೊಡ್ಡಮನೆಯ ವ್ಯವಹಾರ ಅದನ್ನೇ ಕಿತ್ತುಕೊಳ್ಳುತ್ತದೆ. ಊರಿಗೆ ಬೇಡವಾದವನೇ ನಾಳೆ ಗುಳೆ ಹೋಗುವವನು.

ದೇವದುರ್ಗ ಸೀಮೆಯ ಅರಕೇರಾದಿಂದ ಬಂದ ಕವಿ ಆರಿಫ್ ರಾಜಾ ಅವರ 'ಜಂಗಮ ಫಕೀರನ ಜೋಳಿಗೆ'ಗೆ 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಬಂತು. ಜಂಗಮ ಮತ್ತು ಫಕೀರ ಒಂದೇ ಜೋಳಿಗೆ ಹೊತ್ತದ್ದನ್ನು ನಾವು ಸೌಹಾರ್ದವೆಂದು ಮೆಚ್ಚಿದೆವು. ಆದರೆ ಈ ನಾಡಿನ ಇವತ್ತಿನ ಜಂಗಮರು ಯಾರು? ಮೇಸ್ತ್ರಿಯಿಂದ ಮುಂಗಡ ಪಡೆದು, ಮಕ್ಕಳನ್ನು ಶಾಲೆ ಬಿಡಿಸಿಕೊಂಡು, ತಗಡಿನ ಶೆಡ್ಡಿನಲ್ಲಿ ಬದುಕುವ ಕೂಲಿಗಳು. ಫಕೀರ ತಾನಾಗಿ ಊರು ಬಿಟ್ಟವನು, ಇವರನ್ನು ಊರೇ ಬಿಡಿಸಿತು. ಈ ವ್ಯತ್ಯಾಸ ಮರೆತರೆ ವಿಮರ್ಶೆ ಬರಿಯ ಹೊಗಳಿಕೆಯಾಗುತ್ತದೆ.

ಮೊಹರಂ ವಿಷಯದಲ್ಲೂ ಇದೇ ಆಗಿದೆ. ರಹಮತ್ ತರೀಕೆರೆಯಂಥವರು ಊರೂರು ಸುತ್ತಿ ಈ ಆಚರಣೆಯ ಬಹುತ್ವವನ್ನು ತೋರಿಸಿಕೊಟ್ಟರು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಪಂಜೆ ಕೂರಿಸುವುದನ್ನು ನಾವೆಲ್ಲ ಬಲ್ಲೆವು. ಭಾಷಣಗಳಲ್ಲಿ ಅದು ಭಾವೈಕ್ಯದ ಉದಾಹರಣೆಯಾಗಿ ಸವೆದುಹೋಗಿದೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ವರ್ಷದ ಉಳಿದ ದಿನ ಎಲ್ಲಿರುತ್ತಾರೆ ಎಂದು ಭಾಷಣಕಾರರು ಕೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಮೊಹರಂ ಮುಂಗಾರಿನ ಬಿತ್ತನೆಯ ಹೊತ್ತಿಗೇ ಬರುತ್ತಿದೆ. ತುಂಡು ಹೊಲ ಇದ್ದವರಿಗೆ ಊರಿಗೆ ಮರಳಲು ಅದು ಎರಡು ನೆಪಗಳನ್ನು ಒಟ್ಟಿಗೇ ಕೊಡುತ್ತದೆ. ಚಂದ್ರಮಾನದ ಲೆಕ್ಕದಲ್ಲಿ ಹಬ್ಬ ಮತ್ತೆ ಹಿಂದೆ ಸರಿದು ಬೇಸಿಗೆಗೆ ಬಂದಾಗ ಏನಾದೀತು? ಮುಂಗಡದ ಸಾಲ ತೀರದವನಿಗೆ ಹಸೇನ-ಹುಸೇನರ ಕರೆ ಬಂದರೂ ಮೇಸ್ತ್ರಿಯ ರಜೆ ಸಿಕ್ಕೀತೆ? ಸೌಹಾರ್ದ ಉಳಿಯಬೇಕಾದರೆ ಮೊದಲು ಊರಿನಲ್ಲಿ ಜನ ಇರಬೇಕು. ಬೀಗ ಹಾಕಿದ ಮನೆಗಳ ಓಣಿಯಲ್ಲಿ ಯಾರು ಯಾರೊಡನೆ ಕೂಡಿ ಬಾಳಬೇಕು?

ನಮ್ಮವರನ್ನೇ ಕೇಳಬೇಕಾದ ಮಾತೂ ಇದೆ. ರಾಯಚೂರಿನ ಮಾರುಕಟ್ಟೆಗೆ ಹತ್ತಿ ರಾಶಿ ರಾಶಿಯಾಗಿ ಬರುತ್ತದೆ. ಆ ಹತ್ತಿಯನ್ನು ಒಂದು ಕಾಲದಲ್ಲಿ ಬಿಲ್ಲು ಹಿಡಿದು ಹಿಂಜುತ್ತಿದ್ದ ಪಿಂಜಾರರ ಮಕ್ಕಳು ಇಂದು ಅದನ್ನೇ ಕೂಲಿಗೆ ಬಿಡಿಸುತ್ತಾರೆ. ಯಂತ್ರ ಕಸುಬನ್ನು ತಿಂದಿತು. ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಇವರನ್ನು ನಗರದ ಮುಸ್ಲಿಮರು ಅರ್ಧ ಮುಸ್ಲಿಮರಂತೆ ಕಂಡದ್ದೂ ಉಂಟು. ಧರ್ಮದಲ್ಲಿ ಇಲ್ಲದ ಮೇಲು-ಕೀಳನ್ನು ಸಮಾಜದಲ್ಲಿ ಪಾಲಿಸುತ್ತ ಬಂದ ನಾವು, ಸಾಹಿತ್ಯದಲ್ಲೂ ಅದನ್ನೇ ಮುಂದುವರಿಸಿದ್ದೇವೆಯೇ?

2006ರಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲೇ ರಾಯಚೂರು ಜಿಲ್ಲೆಗೆ ಬಂತು, ಗುಳೆ ನಿಲ್ಲಲಿಲ್ಲ. 2020ರ ಲಾಕ್‌ಡೌನಿನಲ್ಲಿ ಗುಳೆ ಹೋದವರು ನಡೆದು ಬಂದಾಗ ನಾಡು ಒಂದು ಗಳಿಗೆ ಅವರನ್ನು ನೋಡಿತು, ಮತ್ತೆ ಮರೆಯಿತು. ಮರೆಯದಿರುವುದು ಸಾಹಿತ್ಯದ ಕೆಲಸ. ಕರುಣೆಯ ಕಥೆಗಳು ಸಾಕಷ್ಟಿವೆ. ಹೊಲದಲ್ಲಿ ಕನ್ನಡ, ಮನೆಯಲ್ಲಿ ದಖನಿ, ಕಟ್ಟಡದ ಬುಡದಲ್ಲಿ ಮೇಸ್ತ್ರಿಯ ಭಾಷೆ ಆಡುವ ಆ ಹೆಣ್ಣುಮಗಳ ಲೆಕ್ಕಾಚಾರ, ಜಗಳ, ನಗು, ಅವಳ ಜೊತೆ ಒಂದೇ ಟಂಟಂನಲ್ಲಿ ಹೊಲಕ್ಕೆ ಹೋಗುವ ಮಾದಿಗರ, ಕುರುಬರ ಹೆಣ್ಣುಮಕ್ಕಳ ಸ್ನೇಹ, ಇವು ಬರಬೇಕು. ಅಲ್ಲಿ ಸಿಗುವ ಸಂವೇದನೆಗೆ ಮುಸ್ಲಿಂ ಎಂಬ ಹಣೆಪಟ್ಟಿ ಸಾಲದೆ ಹೋಗಬಹುದು. ಸಾಲದೆ ಹೋದರೆ ಒಳ್ಳೆಯದೇ.