ಬೆರಳಿನ ಅಳತೆ, ಕಿವಿಯ ಅಳತೆ

ಎರಕದ ಕಬ್ಬಿಣದ ಸಿಲಿಂಡರುಳ್ಳ ಹಳೆಯ ಬುಲೆಟ್ 350ರ ಟ್ಯಾಪೆಟ್ ಹೊಂದಿಸುವ, ಅಂದರೆ ವಾಲ್ವಿನ ಸಂದನ್ನು ಸರಿಪಡಿಸುವ, ಕ್ರಮದ ಮೇಲೆ ಮೊದಲಿಗೆ ಬರುವ ಆಕ್ಷೇಪವೆಂದರೆ ಅದರಲ್ಲಿ ಅಳತೆಯ ಸಾಧನವೇ ಇಲ್ಲವೆಂಬುದು. ಅನೇಕ ಬೈಕುಗಳಲ್ಲಿ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್ ಎಂಬ ಸನ್ನೆಗೂ ನಡುವಿನ ಸಂದಿಗೆ ಫೀಲರ್ ಗೇಜ್ ಎಂಬ ತೆಳುವಾದ ಉಕ್ಕಿನ ಪಟ್ಟಿಯನ್ನು ತೂರಿಸಿ ನೋಡಿದರೆ, ಬುಲೆಟ್ಟಿನಲ್ಲಿ ಎಂಜಿನ್ನಿನ ಬಲಬದಿಯ ಚಿಕ್ಕ ಮುಚ್ಚಳವನ್ನು ತೆಗೆದು, ಕ್ಯಾಮಿನ ಚಲನೆಯನ್ನು ಮೇಲಿನ ರಾಕರಿಗೆ ಮುಟ್ಟಿಸುವ ಪುಶ್‌ರಾಡುಗಳನ್ನು ಬೆರಳಿನಿಂದ ತಿರುಗಿಸಿ ನೋಡಲಾಗುತ್ತದೆ. ರಾಡು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು.

ಈ ಆಕ್ಷೇಪ ನಿಲ್ಲುವುದಿಲ್ಲ. ಪುಶ್‌ರಾಡು ಅಲ್ಯೂಮಿನಿಯಂ ಮಿಶ್ರಲೋಹದ್ದು, ಅಷ್ಟೇ ಶಾಖಕ್ಕೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವಂಥದ್ದು. ಸಿಲಿಂಡರು ಅದಕ್ಕಿಂತ ಹೆಚ್ಚು ಕಾದರೂ ಕಡಿಮೆ ಹಿಗ್ಗುವ ಲೋಹದ್ದಾದ್ದರಿಂದ ಎರಡರ ಬೆಳವಣಿಗೆಯೂ ಬಹುಮಟ್ಟಿಗೆ ಜೊತೆಜೊತೆಗೇ ಸಾಗುತ್ತದೆ. ಹೀಗಾಗಿ ತಣ್ಣಗಿರುವಾಗ ಸಂದು ಇಲ್ಲವೆನ್ನುವಷ್ಟು ಕಡಿಮೆಯಿದ್ದರೂ ನಡೆಯುತ್ತದೆ, ಅಷ್ಟು ಕಡಿಮೆಯನ್ನು ಪಟ್ಟಿಗಿಂತ ಬೆರಳೇ ಚೆನ್ನಾಗಿ ಗುರುತಿಸುತ್ತದೆ. ಸ್ಪರ್ಶವನ್ನು ನಂಬಿದ ಈ ಕ್ರಮ ಒರಟಾದುದಲ್ಲ, ಯಂತ್ರದ ರಚನೆಯನ್ನು ಬಲ್ಲದ್ದು.

ಆದರೆ ಬೆರಳನ್ನು ನಂಬುವುದಕ್ಕೆ ಎರಡು ಷರತ್ತುಗಳಿವೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಪಿಸ್ಟನ್ನು ಅನಿಲವನ್ನು ಒತ್ತಿ ಮೇಲ್ತುದಿ ಮುಟ್ಟಿದ ಘಟ್ಟದಲ್ಲಿರಬೇಕು, ಏಕೆಂದರೆ ಎರಡೂ ವಾಲ್ವುಗಳು ಮುಚ್ಚಿರುವುದು ಆಗಲೇ. ಹೊಗೆ ಹೊರಹೋಗುವ ಸುತ್ತಿನ ಕೊನೆಯಲ್ಲೂ ಪಿಸ್ಟನ್ನು ಮೇಲ್ತುದಿಗೆ ಬರುತ್ತದೆ, ಆದರೆ ಅಲ್ಲಿ ಎರಡೂ ವಾಲ್ವುಗಳು ಕೊಂಚ ತೆರೆದಿರುವುದರಿಂದ ಹೊಂದಿಸಿದ್ದೆಲ್ಲ ತಪ್ಪಾಗುತ್ತದೆ.

ನಿಜವಾಗಿ ಖಂಡಿಸಬೇಕಾದದ್ದು ಕಿವಿಯ ಅಳತೆಯನ್ನು. ಬಿಸಿ ಎಂಜಿನ್ನನ್ನು ಓಡಿಸುತ್ತ, ಟಕಟಕ ಸದ್ದು ಅಡಗುವವರೆಗೆ ಬಿಗಿಮಾಡಿ, ಸದ್ದಿಲ್ಲದ್ದೇ ಸರಿಯಾದದ್ದೆಂದು ಗ್ರಾಹಕನಿಗೆ ಒಪ್ಪಿಸುವ ರೂಢಿ ಹಲವು ಗ್ಯಾರೇಜುಗಳಲ್ಲಿದೆ. ಸಂದು ಹೆಚ್ಚಾದರೆ ಸದ್ದು ಕೇಳಿಸುತ್ತದೆ, ಭಾಗಗಳು ಬಡಿದು ಸವೆಯುತ್ತವೆ. ಇದು ತನ್ನನ್ನು ತಾನೇ ಹೇಳಿಕೊಳ್ಳುವ ದೋಷ. ಸಂದು ತೀರ ಕಡಿಮೆಯಾದರೆ ಏನೂ ಕೇಳಿಸುವುದಿಲ್ಲ, ಆದರೆ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವು ತಾನು ಹೀರಿದ ಉರಿಯ ಬಹುಪಾಲನ್ನು ಮುಚ್ಚಿರುವ ಆ ಅರೆಕ್ಷಣದಲ್ಲಿ ಸೀಟಿನ ಮೂಲಕವೇ ಸಿಲಿಂಡರ್ ಹೆಡ್ಡಿಗೆ ದಾಟಿಸುವುದು. ಆ ಸ್ಪರ್ಶ ತಪ್ಪಿದರೆ ಅಂಚು ಸುಡುತ್ತದೆ, ಕಂಪ್ರೆಶನ್ ಸೋರುತ್ತದೆ. ಬಳಕೆಯಲ್ಲಿ ವಾಲ್ವು ಸೀಟಿನೊಳಗೆ ಸವೆದು ಇಳಿದಂತೆಲ್ಲ ಸಂದು ತಾನಾಗಿಯೇ ಕಿರಿದಾಗುವುದರಿಂದ, ಹಳೆಯ ಎಂಜಿನ್ನು ಕೆಲವು ಸಾವಿರ ಕಿಲೋಮೀಟರಿನಲ್ಲಿ ಮೆಲ್ಲಗೆ ಮೌನವಾಯಿತೆಂದರೆ ಸಂತೋಷಕ್ಕಿಂತ ಅನುಮಾನವೇ ಯುಕ್ತ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ ಇಂಥ ವಾಲ್ವುಗಳೇ ಇರಲಿಲ್ಲವಾದ್ದರಿಂದ ಅವನ್ನೇ ಬಿಚ್ಚಿ ಕಟ್ಟಿ ಪಳಗಿದ ಕೈಗೆ ಟ್ಯಾಪೆಟ್ ಹೊಂದಿಸುವ ಕೆಲಸ ಹೊಸದಾಗಿಯೇ ಕಲಿಯಬೇಕಾದದ್ದು. ಮುಂದೆ ಬಂದ, ಯುಸಿಇ ಎಂಬ ಎಂಜಿನ್ನಿನ ಬುಲೆಟ್ಟುಗಳಲ್ಲಿ ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ಟು ಈ ಹೊಂದಾಣಿಕೆಯನ್ನೇ ಅನಗತ್ಯವಾಗಿಸಿತು.

ಹಳೆಯ ಬುಲೆಟ್ಟಿಗೆ ಬೆರಳಿನ ಕ್ರಮವೇ ತಕ್ಕದ್ದು. ಆದರೆ ಅದರಲ್ಲೂ ಒಂದು ಹೆಜ್ಜೆ ಆಗಾಗ ಬಿಟ್ಟುಹೋಗುತ್ತದೆ. ಪುಶ್‌ರಾಡಿನ ಕೆಳತುದಿಯ ಲಾಕ್‌ನಟ್ಟನ್ನು ಬಿಗಿಮಾಡುವಾಗ ಹೊಂದಿಸಿದ ತಿರುಪು ಕೂದಲೆಳೆಯಷ್ಟು ಕದಲಬಹುದಾದ್ದರಿಂದ, ಸ್ಪ್ಯಾನರ್ ಕೆಳಗಿಟ್ಟ ಮೇಲೆ, ಮುಚ್ಚಳ ಹಾಕುವ ಮುನ್ನ, ರಾಡನ್ನು ಇನ್ನೊಮ್ಮೆ ತಿರುಗಿಸಿ ನೋಡಬೇಕು.