ಹದಿನೇಳರ ಹರೆಯಕ್ಕೆ ನಾಲ್ಕು ಚೌಕ

ಪಿಯು ಕಾಲೇಜುಗಳಲ್ಲಿ ನಡೆಯುವ ವ್ಯಕ್ತಿತ್ವ ವಿಕಸನ ಶಿಬಿರಗಳಿಗೆ ಇರುವಷ್ಟು ಒಳ್ಳೆಯ ಹೆಸರು ನಮ್ಮ ಶಿಕ್ಷಣದ ಬೇರೆ ಯಾವ ಚಟುವಟಿಕೆಗೂ ಇದ್ದಂತಿಲ್ಲ. ಆಡಳಿತ ಮಂಡಳಿಗೆ ಅದು ಬೇಕು, ಪೋಷಕರಿಗೆ ಬೇಕು, ಒಂದು ದಿನ ಪಾಠ ತಪ್ಪುವುದರಿಂದ ಮಕ್ಕಳಿಗೂ ಬೇಕು. ಉದ್ಘಾಟನೆಯ ಫೋಟೊ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ವಿಮರ್ಶೆ ಮಾತ್ರ ಎಲ್ಲೂ ಬರುವುದಿಲ್ಲ. ಒಂದು ಕಥಾಸಂಕಲನವನ್ನು ಮೂರು ಪತ್ರಿಕೆಗಳಲ್ಲಿ ತೂಗಿ ನೋಡುವ ನಾವು, ಹದಿನಾರು ಹದಿನೇಳರ ಮಕ್ಕಳ ಮನಸ್ಸಿನ ಮೇಲೆ ವರ್ಷ ವರ್ಷವೂ ನಡೆಯುವ ಈ ಕೆಲಸವನ್ನು ಒಮ್ಮೆಯೂ ತೂಗಿ ನೋಡಿಲ್ಲ. ಅದಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಶಿಬಿರದ ಎಲ್ಲ ಸರಕನ್ನೂ ಇಲ್ಲಿ ಬಿಚ್ಚಿಡುವ ಅಗತ್ಯವಿಲ್ಲ. ಮನುಷ್ಯನ ಅಗತ್ಯಗಳ ಬಗ್ಗೆ ಮನಃಶಾಸ್ತ್ರಜ್ಞ ಮಾಸ್ಲೊ 1943ರಲ್ಲಿ ಬರೆದ ಲೇಖನದಲ್ಲಿ ಇಲ್ಲದ ಪಿರಮಿಡ್ಡನ್ನು ಅವನ ಹೆಸರಿನಲ್ಲಿ ಪರದೆಯ ಮೇಲೆ ತೋರಿಸುವುದು, ಎಡ ಮಿದುಳಿನವರು ಮತ್ತು ಬಲ ಮಿದುಳಿನವರು ಎಂದು ತರಗತಿಯನ್ನು ಎರಡು ಪಾಲು ಮಾಡುವುದು, ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಪಟ್ಟಿ ಮಾಡುವ, ಕಂಪನಿಗಳಿಗಾಗಿ ಹುಟ್ಟಿದ ಸ್ವಾಟ್ ವಿಶ್ಲೇಷಣೆಯನ್ನು ಮಕ್ಕಳ ಕೈಲಿ ಮಾಡಿಸುವುದು, ಇವುಗಳ ಕೊರತೆ ಓದುಗರಿಗೆ ಗೊತ್ತಿರುವುದೇ. ನಾನು ಹಿಡಿದು ನೋಡಬೇಕೆಂದಿರುವುದು ಒಂದೇ ಸಾಧನವನ್ನು: ಜೊಹಾರಿ ಕಿಟಕಿ. ಇಡೀ ಶಿಬಿರದಲ್ಲಿ ಆತ್ಮಾವಲೋಕನದ ಹತ್ತಿರಕ್ಕೆ ಬರುವ ಭಾಗ ಅದು. ಹೆಚ್ಚಿನ ಹಾನಿ ಮಾಡಬಲ್ಲ ಭಾಗವೂ ಅದೇ.

1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್‌ಹ್ಯಾಮ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಈ ಕಿಟಕಿಯನ್ನು ರೂಪಿಸಿದರು. ಇಬ್ಬರ ಹೆಸರನ್ನೂ ಸೇರಿಸಿ ಅದಕ್ಕೆ ಹೆಸರಿಟ್ಟರು. ಕಿಟಕಿಗೆ ನಾಲ್ಕು ಚೌಕ. ನನ್ನ ಬಗ್ಗೆ ನನಗೂ ಇತರರಿಗೂ ಗೊತ್ತಿರುವುದು ಮೊದಲ ಚೌಕ. ಇತರರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಎರಡನೆಯದು. ನನಗೆ ಗೊತ್ತಿದ್ದು ನಾನು ಮುಚ್ಚಿಟ್ಟದ್ದು ಮೂರನೆಯದು. ಯಾರಿಗೂ ಗೊತ್ತಿಲ್ಲದ್ದು ನಾಲ್ಕನೆಯದು. ಅಭ್ಯಾಸದ ಪ್ರಚಲಿತ ರೂಪದಲ್ಲಿ ಐವತ್ತಕ್ಕೂ ಹೆಚ್ಚು ಗುಣವಾಚಕಗಳ ಪಟ್ಟಿ ಇರುತ್ತದೆ. ವ್ಯಕ್ತಿ ತನಗೆ ಒಪ್ಪುವ ಐದಾರನ್ನು ಆರಿಸುತ್ತಾನೆ, ಅವನನ್ನು ಬಲ್ಲವರು ಅವನಿಗೆ ಒಪ್ಪುವ ಐದಾರನ್ನು ಆರಿಸುತ್ತಾರೆ, ಎರಡನ್ನೂ ಹೋಲಿಸಿ ಚೌಕಗಳನ್ನು ತುಂಬುತ್ತಾರೆ.

ಇದು ಹುಟ್ಟಿದ ಸಂದರ್ಭವನ್ನು ಮರೆಯಬಾರದು. ಮನಃಶಾಸ್ತ್ರಜ್ಞ ಕರ್ಟ್ ಲೆವಿನ್‌ನ ಕೆಲಸದಿಂದ ಬೆಳೆದು 1947ರಿಂದ ಅಮೆರಿಕದ ಬೆಥೆಲ್‌ನಲ್ಲಿ ನಡೆದ ಗುಂಪು ತರಬೇತಿಯ ಪರಂಪರೆ ಅದು. ಅಲ್ಲಿ ಸೇರುತ್ತಿದ್ದವರು ವಯಸ್ಕರು, ತಾವಾಗಿ ಒಪ್ಪಿ ಬಂದವರು. ಗುಂಪು ಚಿಕ್ಕದು, ದಿನಗಟ್ಟಲೆ ಒಟ್ಟಿಗೆ ಕೂರುವಂಥದ್ದು. ಕೂಟ ಮುಗಿದ ಮೇಲೆ ಅವರು ತಂತಮ್ಮ ಊರಿಗೆ ಮರಳುತ್ತಿದ್ದರು. ಹೇಳಿಕೊಂಡ ಮಾತು ಮರುದಿನ ಬೆಳಿಗ್ಗೆ ಅದೇ ಬೆಂಚಿನಲ್ಲಿ, ಅದೇ ಬಸ್ಸಿನಲ್ಲಿ ಅವರಿಗಾಗಿ ಕಾದು ಕೂರುತ್ತಿರಲಿಲ್ಲ.

ನಮ್ಮ ಶಿಬಿರದಲ್ಲಿ ಅದು ಹೇಗೆ ನಡೆಯುತ್ತದೆ? ಸಭಾಂಗಣದಲ್ಲಿ ಎರಡು ಮೂರು ಸೆಕ್ಷನ್ನಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಸಂಪನ್ಮೂಲ ವ್ಯಕ್ತಿ ಪರದೆಯ ಮೇಲೆ ನಾಲ್ಕು ಚೌಕ ತೋರಿಸಿ, ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಇಪ್ಪತ್ತು ನಿಮಿಷದಲ್ಲಿ ಪ್ರಾಮಾಣಿಕವಾಗಿ ತುಂಬಿ ಎನ್ನುತ್ತಾರೆ. ಹಾಳೆಯ ಮೇಲ್ತುದಿಯಲ್ಲಿ ಹೆಸರು, ರೋಲ್ ನಂಬರ್. ಕೊನೆಗೆ ಲೆಕ್ಚರರ್ ಒಬ್ಬರು ಎಲ್ಲವನ್ನೂ ಒಟ್ಟುಮಾಡಿ ಒಯ್ಯುತ್ತಾರೆ.

ಈ ಹಾಳೆಯನ್ನು ಚೌಕ ಚೌಕವಾಗಿ ನೋಡೋಣ. ಮೊದಲ ಚೌಕದಲ್ಲಿ ಬರುವುದು ಸಾಮಾನ್ಯವಾಗಿ ಕಾಲೇಜಿಗೆ ಬೇಕಾದ ಮುಖ: ಶ್ರಮಜೀವಿ, ಸಹನಶೀಲೆ, ಗುರಿಯುಳ್ಳವನು. ಮಗು ಸುಳ್ಳು ಬರೆಯುತ್ತಿದೆ ಎಂದಲ್ಲ. ಹತ್ತು ವರ್ಷ ಉತ್ತರಪತ್ರಿಕೆ ಬರೆದು ಪಳಗಿದ ಕೈ, ಯಾವ ಹಾಳೆ ಸಿಕ್ಕರೂ ಮೌಲ್ಯಮಾಪಕರಿಗೆ ಒಪ್ಪುವುದನ್ನೇ ಬರೆಯುತ್ತದೆ. ಎರಡನೆಯ ಚೌಕವನ್ನು ಒಬ್ಬರೇ ತುಂಬುವುದು ಸಾಧ್ಯವೇ ಇಲ್ಲ. ನನಗೆ ಕಾಣದ್ದನ್ನು ನಾನೇ ಬರೆಯುವುದು ಹೇಗೆ? ಹಾಗಾಗಿ ಪಕ್ಕದಲ್ಲಿ ಕೂತವರನ್ನು ಕೇಳಿ ಬರೆಯಿರಿ ಎನ್ನುತ್ತಾರೆ. ಎಂಟು ವಾರದ ಹಿಂದೆ ಬೇರೆ ಬೇರೆ ಹೈಸ್ಕೂಲುಗಳಿಂದ ಬಂದು ಪಕ್ಕ ಪಕ್ಕ ಕೂತ ಇಬ್ಬರು ಮಕ್ಕಳು ಪರಸ್ಪರರ ಬಗ್ಗೆ ಏನು ಬಲ್ಲರು? ಬಣ್ಣ, ದಪ್ಪ, ಇಂಗ್ಲಿಷ್ ಉಚ್ಚಾರಣೆ, ಊರಿನ ಹೆಸರು, ಮೀಸಲಾತಿಯ ಪಟ್ಟಿಯಲ್ಲಿ ಕಂಡ ಜಾತಿ. ತರಗತಿಯಲ್ಲಿ ಗುಟ್ಟಾಗಿ ಓಡಾಡುತ್ತಿದ್ದ ಅಡ್ಡಹೆಸರಿಗೆ ಆ ದಿನ ಚೌಕವೊಂದು ಸಿಗುತ್ತದೆ, ತರಬೇತುದಾರರ ಒಪ್ಪಿಗೆಯೂ ಸಿಗುತ್ತದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಮೂರನೆಯ ಚೌಕದ ಮೇಲೆ. ಮುಚ್ಚಿಟ್ಟದ್ದು ಕಡಿಮೆಯಾಗಿ ತೆರೆದದ್ದು ಹೆಚ್ಚಾದಷ್ಟೂ ವ್ಯಕ್ತಿ ಬೆಳೆಯುತ್ತಾನೆ ಎಂಬುದು ಈ ಸಾಧನದ ತಳದಲ್ಲಿರುವ ನಂಬಿಕೆ. ಚಿತ್ರದಲ್ಲಿ ಬಾಣದ ಗುರುತೂ ಅದೇ ದಿಕ್ಕಿಗಿರುತ್ತದೆ. ಒಟ್ಟಿಗೆ ಕೆಲಸ ಮಾಡುವ ಸರಿಸಮಾನ ವಯಸ್ಕರ ನಡುವೆ ಈ ನಂಬಿಕೆಗೆ ಅರ್ಥವಿದೆ. ಆದರೆ ಹಾಸ್ಟೆಲಿನಲ್ಲಿ ತನ್ನ ಜಾತಿ ಹೇಳದೆ ಊಟಕ್ಕೆ ಕೂರುವ ಹುಡುಗ ಅದನ್ನು ಮುಚ್ಚಿಟ್ಟದ್ದು ಆತ್ಮಜ್ಞಾನದ ಕೊರತೆಯಿಂದಲೇ? ಅಪ್ಪನ ಕುಡಿತವನ್ನು, ಶುಲ್ಕಕ್ಕಾಗಿ ಅಮ್ಮ ಅಡವಿಟ್ಟ ಬಳೆಯನ್ನು, ಒಬ್ಬ ಹುಡುಗನ ಮೇಲಿನ ಇಷ್ಟವನ್ನು, ಸಂಬಂಧಿಕನೊಬ್ಬನ ಕೈಯನ್ನು ಬಚ್ಚಿಟ್ಟುಕೊಂಡು ಬದುಕುವ ಹುಡುಗಿಗೆ ತನ್ನ ಬಗ್ಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತಿದೆ. ಯಾರ ಮುಂದೆ ಹೇಳಬಾರದು ಎಂಬುದೂ ಗೊತ್ತಿದೆ. ಆ ತಿಳಿವಳಿಕೆ ಅವಳು ಕಷ್ಟಪಟ್ಟು ಗಳಿಸಿದ್ದು, ಅವಳನ್ನು ಇಷ್ಟು ದಿನ ಕಾಪಾಡಿದ್ದು. ಅದನ್ನು ಬೆಳವಣಿಗೆಯ ಅಡ್ಡಿ ಎಂದು ಕರೆಯುವ ಹಾಳೆ ಅವಳನ್ನು ಅರ್ಥ ಮಾಡಿಕೊಂಡಿಲ್ಲ. ತನ್ನೊಳಗನ್ನು ತಾನು ನೋಡಿಕೊಳ್ಳುವುದಕ್ಕೆ ಮೊದಲು ಬೇಕಾದದ್ದು ಬೇರೆಯವರು ಇಣುಕದ ಒಂದು ಜಾಗ. ಶಿಬಿರ ಮೊದಲು ಕಸಿಯುವುದು ಆ ಜಾಗವನ್ನೇ. ತಪ್ಪೊಪ್ಪಿಗೆಯನ್ನು ಆತ್ಮಾವಲೋಕನವೆಂದು ತಿಳಿದುಕೊಂಡಿರುವುದು ಈ ಇಡೀ ಪದ್ಧತಿಯ ಮೂಲದೋಷ.

ಈ ಆಕ್ಷೇಪ ನನ್ನೊಬ್ಬನದೇ ಅಲ್ಲ. ಕಿಟಕಿಯನ್ನು ಕಟ್ಟಿದ ಲುಫ್ಟ್ ತಾನೇ ಅದರ ಜೊತೆಗೆ ಕೆಲವು ಸೂತ್ರಗಳನ್ನು ಕೊಟ್ಟಿದ್ದ. ಬಲವಂತದಿಂದ ಬಯಲು ಮಾಡಿಸುವುದು ಸರಿಯಲ್ಲ, ಅದರಿಂದ ಸಾಮಾನ್ಯವಾಗಿ ಫಲವೂ ಇಲ್ಲ ಎಂಬುದು ಅವುಗಳಲ್ಲಿ ಒಂದು. ಬೆದರಿಕೆ ಇದ್ದಲ್ಲಿ ಅರಿವು ಕುಗ್ಗುತ್ತದೆ, ಪರಸ್ಪರ ನಂಬಿಕೆ ಇದ್ದಲ್ಲಿ ಹಿಗ್ಗುತ್ತದೆ ಎಂಬುದು ಇನ್ನೊಂದು. ಇತರರು ಮುಚ್ಚಿಡಬಯಸುವುದನ್ನು ಗೌರವಿಸುವುದೇ ಸೂಕ್ಷ್ಮತೆ ಎಂಬ ಮಾತನ್ನೂ ಅವನು ಸೇರಿಸಿದ್ದಾನೆ. ನಮ್ಮ ಶಿಬಿರಗಳು ಅವನ ಚಿತ್ರವನ್ನು ಎತ್ತಿಕೊಂಡು ಎಚ್ಚರಿಕೆಯನ್ನು ಬಿಟ್ಟುಬಿಟ್ಟವು. ಔಷಧಿಯ ಬಾಟಲಿಯಿಂದ ಪ್ರಮಾಣದ ಚೀಟಿ ಕಿತ್ತು ಮಕ್ಕಳಿಗೆ ಕುಡಿಸಿದಂತೆ ಇದು.

ಕಾನೂನಿನ ಮಾತೂ ಇದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಮೂರನೆಯ ಚೌಕದಲ್ಲಿ ಒಬ್ಬ ಹುಡುಗಿ ಸಂಬಂಧಿಕನ ಹೆಸರು ಬರೆದರೆ ಮುಂದೇನು? ಸಂಪನ್ಮೂಲ ವ್ಯಕ್ತಿ ಸಂಜೆಯ ಬಸ್ಸಿಗೆ ಹೊರಟಾಗಿದೆ. ಹಾಳೆಗಳ ಕಟ್ಟು ಸ್ಟಾಫ್ ರೂಮಿನ ಬೀರುವಿನ ಮೇಲಿದೆ. ಓದಿದರೆ ಅವಳ ಮನೆಯೊಳಗೆ ಬಿರುಗಾಳಿ ಏಳುತ್ತದೆ, ಅದನ್ನು ಎದುರಿಸಲು ಅವಳ ಜೊತೆ ನಿಲ್ಲುವವರನ್ನು ಕಾಲೇಜು ಗೊತ್ತುಮಾಡಿಲ್ಲ. ಓದದೆ ಬಿಟ್ಟರೆ, ಧೈರ್ಯ ಮಾಡಿ ಹೇಳಿದರೂ ಯಾರೂ ಕೇಳುವುದಿಲ್ಲ ಎಂಬ ಪಾಠವನ್ನು ಅವಳು ಕಲಿಯುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಎಂದು ಹೇಳುವುದು ಕಷ್ಟ.

ಕಿಟಕಿಯಲ್ಲಿ ಒಳ್ಳೆಯದೇನೂ ಇಲ್ಲವೆ ಎಂದರೆ, ಇದೆ. ನಮ್ಮನ್ನು ನಾವು ಪೂರ್ತಿ ಬಲ್ಲೆವೆಂಬ ಹಮ್ಮನ್ನು ಎರಡನೆಯ ಚೌಕ ಮುರಿಯುತ್ತದೆ. ಯಾರಿಗೂ ತಿಳಿಯದ ಭಾಗವೊಂದು ಮನುಷ್ಯನಲ್ಲಿ ಇದ್ದೇ ಇರುತ್ತದೆ ಎಂದು ನಾಲ್ಕನೆಯದು ಒಪ್ಪಿಕೊಳ್ಳುತ್ತದೆ. ಶಿಬಿರ ನಡೆಸುವವರಲ್ಲಿ ಮಕ್ಕಳ ಮೇಲೆ ನಿಜವಾದ ಕಾಳಜಿ ಇರುವವರೂ ಇದ್ದಾರೆ. ಆದರೆ ಕಾಳಜಿಯೊಂದರಿಂದ ಪದ್ಧತಿ ಸರಿಯಾಗುವುದಿಲ್ಲ.

ಈ ಶಿಬಿರಗಳನ್ನು ಬೇರೆ ಕಾರಣಕ್ಕೆ ಟೀಕಿಸುವವರ ಜೊತೆಗೂ ನನಗೆ ಜಗಳವಿದೆ. ಇದೆಲ್ಲ ಪರದೇಶದ ಸರಕು, ನಮಗೆ ನೀತಿಶಿಕ್ಷಣ ಸಾಕು ಎನ್ನುವವರು ಒಂದು ಕಡೆ. ಅವರ ಬಳಿಯಿರುವುದು ಉತ್ತರಗಳ ಪಟ್ಟಿ: ಹಿರಿಯರನ್ನು ಗೌರವಿಸು, ಮನಸ್ಸನ್ನು ಹತೋಟಿಯಲ್ಲಿಡು. ಹದಿನೇಳರ ಮಗು ಕೇಳುತ್ತಿರುವ ಪ್ರಶ್ನೆ ನಾನು ಯಾರು ಎಂಬುದು. ನೀನು ಹೇಗಿರಬೇಕು ಎಂಬ ಉತ್ತರದಿಂದ ಆ ಪ್ರಶ್ನೆಯ ಬಾಯಿ ಮುಚ್ಚಿಸಬಹುದು, ಅಷ್ಟೆ. ಮನಃಶಾಸ್ತ್ರವೆಲ್ಲ ಮಾರುಕಟ್ಟೆಗೆ ನೌಕರರನ್ನು ತಯಾರಿಸುವ ತಂತ್ರ ಎನ್ನುವ ವಿಚಾರವಂತರು ಇನ್ನೊಂದು ಕಡೆ. ಅವರ ಅನುಮಾನದಲ್ಲಿ ಹುರುಳಿದೆ. ಆದರೆ ನೀಟ್ ಫಲಿತಾಂಶದ ರಾತ್ರಿ ನಿದ್ದೆ ಬಾರದ ಮಗುವಿಗೆ ಬಂಡವಾಳಶಾಹಿಯ ವಿಶ್ಲೇಷಣೆ ಒದಗುವುದಿಲ್ಲ.

ಇವರಿಬ್ಬರಿಗಿಂತ ಹೆಚ್ಚು ಪ್ರಭಾವವಿರುವುದು ಮೂರನೆಯವರಿಗೆ. ಒಂದು ದಿನದ ಶಿಬಿರ ಸಾಲದು, ಇದನ್ನು ಪಠ್ಯವಿಷಯ ಮಾಡಿ, ಉಪನ್ಯಾಸಕರಿಗೆ ತರಬೇತಿ ಕೊಟ್ಟು ಅವರಿಂದಲೇ ಪಾಠ ಮಾಡಿಸಿ ಎಂದು ಇವರು ವಾದಿಸುತ್ತಾರೆ. ಫಿಲಿಪ್ಪೀನ್ಸ್ ಹಾಗೆ ಮಾಡಿದ ದೇಶ: 2016ರಲ್ಲಿ ಅಲ್ಲಿ ಹಿರಿಯ ಪ್ರೌಢಶಾಲೆ ಆರಂಭವಾದಾಗ ವ್ಯಕ್ತಿತ್ವ ವಿಕಸನವನ್ನು ಎಲ್ಲರಿಗೂ ಕಡ್ಡಾಯವಾದ 80 ಗಂಟೆಯ ವಿಷಯವಾಗಿಸಿದರು. ನಮ್ಮಲ್ಲಿ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಕಾರ್ಯಕ್ರಮವನ್ನು ಇವರು ಆಧಾರವಾಗಿ ತೋರಿಸುತ್ತಾರೆ. ಅದರ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವನ್ನು ಪೂರ್ತಿ ಓದಬೇಕು. ಶಿಕ್ಷಕರಿಂದ ಈ ಪಾಠ ಪಡೆದ 605 ಹದಿಹರೆಯದವರನ್ನು ಪಡೆಯದ 423 ಮಂದಿಯ ಜೊತೆ ಹೋಲಿಸಿದಾಗ, ಅವರ ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರೊಂದಿಗೂ ಶಾಲೆಯಲ್ಲೂ ಹೊಂದಾಣಿಕೆ ಚೆನ್ನಾಗಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಯೊಂದಿಗಿನ, ಗೆಳೆಯರೊಂದಿಗಿನ ಹೊಂದಾಣಿಕೆಯಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಶಾಲೆ ಶಾಲೆಯನ್ನು ಸುಧಾರಿಸಿತು. ಮಗು ಹೆಚ್ಚು ಒಂಟಿಯಾಗುವ ಜಾಗಗಳನ್ನು ಅದಕ್ಕೆ ಮುಟ್ಟಲಾಗಲಿಲ್ಲ.

ಇನ್ನೂ ಮುಖ್ಯವಾದದ್ದು ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಸೆಹರ್ ಎಂಬ ಪ್ರಯೋಗ. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಕವಾದ, ಮನೋವೈದ್ಯರಲ್ಲದ ಸಾಮಾನ್ಯ ಆಪ್ತಸಮಾಲೋಚಕರು ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಹಿಂಸೆಯೂ ತಗ್ಗಿದವು. ಶಿಕ್ಷಕರು ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಪಠ್ಯ ಅದೇ, ಮಕ್ಕಳು ಅಂಥವರೇ. ಕೇಳುವ ಕಿವಿ ಮಾತ್ರ ಬೇರೆ. ಅಂಕ ಕೊಡುವ, ಹಾಜರಿ ಹಾಕುವ, ಮನೆಗೆ ಫೋನ್ ಮಾಡುವ ವ್ಯಕ್ತಿಯ ಮುಂದೆ ಮಗು ಬಾಯಿ ಬಿಡುವುದಿಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಶಿಕ್ಷಕರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಕೆಲಸದ ಹೊರೆಯೂ ಅಧಿಕಾರದ ಸ್ಥಾನವೂ ಅವರನ್ನು ಆ ಪಾತ್ರಕ್ಕೆ ಒಗ್ಗದಂತೆ ಮಾಡಿವೆ. ಸೆಹರ್ ಶಾಲೆಗಳಲ್ಲಿ ಮಕ್ಕಳು ತಮಗೆ ಬೇಕೆನಿಸಿದಾಗ ಬರೆದು ಹಾಕುವ ಪೆಟ್ಟಿಗೆಯೊಂದು ಇತ್ತು ಎಂಬುದನ್ನೂ ಗಮನಿಸಬೇಕು. ಬರೆಯುವುದೋ ಬಿಡುವುದೋ ಮಗುವಿನ ಇಚ್ಛೆ. ರೋಲ್ ನಂಬರ್ ಹಾಕಿಸಿ ಹಾಳೆ ಒಟ್ಟುಮಾಡುವ ಪದ್ಧತಿಗೂ ಇದಕ್ಕೂ ಇರುವ ಅಂತರ ಬಹಳ ದೊಡ್ಡದು. ಪಠ್ಯವಿಷಯ ಮಾಡಿ ಎನ್ನುವವರು ಈ ಅಂತರವನ್ನು ಗಮನಿಸದಿದ್ದರೆ, ಒಂದು ದಿನದ ತಪ್ಪು ಎರಡು ವರ್ಷದ ತಪ್ಪಾಗುತ್ತದೆ.

ನಮಗೆ ಕಾಣದ ನಮ್ಮ ಗುಣವನ್ನು ಇನ್ನೊಬ್ಬರು ಕಂಡು ಹೇಳುವುದು ಹೇಗೆ ಎಂಬುದಕ್ಕೆ ಕನ್ನಡದಲ್ಲೇ ಒಂದು ಮಾದರಿ ಇದೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟಾ ನಿಸರ್ಗತಜ್ಞನನ್ನು ಕಾಣುತ್ತಾರೆ. ನಿನ್ನ ಗುಣಗಳನ್ನು ಪಟ್ಟಿ ಮಾಡು ಎಂದು ಅವರು ಹೇಳುವುದಿಲ್ಲ. ಅವನ ಮಾತನ್ನು ಗಂಭೀರವಾಗಿ ಕೇಳುತ್ತಾರೆ, ಅವನ ಜೊತೆ ಕಾಡಿಗೆ ಹೋಗುತ್ತಾರೆ. ಎರಡನೆಯ ಚೌಕ ತುಂಬುವುದು ಹೀಗೆ: ಗೌರವದಿಂದ, ಒಟ್ಟಿಗೆ ಮಾಡಿದ ಕೆಲಸದಿಂದ, ಬೇಕಾದಷ್ಟು ಸಮಯದಿಂದ. ಇಂಥ ಪುಸ್ತಕದ ಇನ್ನೊಂದು ಉಪಕಾರವೂ ಇದೆ. ಓದುತ್ತಾ ಹುಡುಗನೊಬ್ಬ ಮಂದಣ್ಣನಲ್ಲಿ ತನ್ನನ್ನು ಕಂಡುಕೊಂಡರೆ ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಪಾತ್ರದ ಬಗ್ಗೆ ವಾದಿಸುತ್ತಲೇ ತನ್ನ ಬಗ್ಗೆ ಯೋಚಿಸಬಹುದು, ಗುಟ್ಟು ಅವನದಾಗಿಯೇ ಉಳಿಯುತ್ತದೆ. ಪ್ರಥಮ ಪಿಯುಸಿಯ ಕನ್ನಡ ತರಗತಿ ಈ ಕೆಲಸವನ್ನು ಸದ್ದಿಲ್ಲದೆ ಮಾಡಬಲ್ಲದು. ನೀಟ್, ಸಿಇಟಿ ಕೋಚಿಂಗಿಗಾಗಿ ನಾವು ಮೊದಲು ಕತ್ತರಿಸುವುದು ಆ ತರಗತಿಯ ಅವಧಿಯನ್ನೇ.

ಈ ಶಿಬಿರಗಳ ಅನುಕ್ರಮದ ದೋಷವನ್ನೂ ಹೇಳಲೇಬೇಕು. ಮನಃಶಾಸ್ತ್ರಜ್ಞ ಎರಿಕ್ಸನ್‌ನ ವಿಚಾರವನ್ನು ಬೆಳೆಸಿದ ಜೇಮ್ಸ್ ಮಾರ್ಸಿಯ, 1966ರಲ್ಲಿ ಹದಿಹರೆಯದ ಗುರುತಿನ ನಾಲ್ಕು ಸ್ಥಿತಿಗಳನ್ನು ಹೇಳಿದ. ಹುಡುಕಾಟವೇ ಇಲ್ಲದೆ ಹಿರಿಯರ ತೀರ್ಮಾನವನ್ನು ತನ್ನದೆಂದು ಒಪ್ಪಿಕೊಳ್ಳುವುದು ಅವುಗಳಲ್ಲಿ ಒಂದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಮನೆಯವರು ಕಾಂಬಿನೇಷನ್ ನಿರ್ಧರಿಸುವ ನಮ್ಮ ಪದ್ಧತಿ ಮಕ್ಕಳನ್ನು ಆ ಸ್ಥಿತಿಗೇ ತಳ್ಳುತ್ತದೆ. ಆಯ್ಕೆ ಮುಗಿದು, ಶುಲ್ಕ ಕಟ್ಟಿ, ಬಾಗಿಲು ಹಾಕಿದ ಮೇಲೆ ನಿನ್ನನ್ನು ನೀನು ಅರಿ ಎಂದು ಹಾಳೆ ಕೊಡುತ್ತೇವೆ. ಆಗ ಅರಿತು ಮಗು ಮಾಡುವುದೇನು?

ಜೊಹಾರಿ ಕಿಟಕಿ ಹದಿನೇಳರ ಮಕ್ಕಳಿಗಾಗಿ ಮಾಡಿದ್ದಲ್ಲ. ಸಭಾಂಗಣದಲ್ಲಿ ನಡೆಸುವ ರೂಪದಲ್ಲಂತೂ ಅದನ್ನು ಕೂಡಲೇ ನಿಲ್ಲಿಸಬೇಕು. ಶಿಬಿರಕ್ಕೆ ಖರ್ಚಾಗುವ ಹಣದಿಂದ ಕಾಲೇಜಿಗೊಬ್ಬರು ಆಪ್ತಸಮಾಲೋಚಕರನ್ನು, ಅಂಕ ಕೊಡುವ ಅಧಿಕಾರವಿಲ್ಲದವರನ್ನು, ನೇಮಿಸಬೇಕು. ಅದು ಆಗುವವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಬೇಕು. ಇಷ್ಟೂ ಮಾಡಲಾಗದ ಪ್ರಾಂಶುಪಾಲರಲ್ಲಿ ಒಂದೇ ವಿನಂತಿ: ಈ ವರ್ಷದ ಶಿಬಿರದಲ್ಲಿ ಮಕ್ಕಳು ತಮ್ಮ ಬಗ್ಗೆ ಏನಾದರೂ ಬರೆದರೆ, ಆ ಹಾಳೆಯನ್ನು ಅವರಿಂದ ಇಸಿದುಕೊಳ್ಳಬೇಡಿ.