ವೈದ್ಯನೂ ಏಣಿಯೂ: ನಗರಯೋಜನೆಯ ಎರಡು ರೂಪಕಗಳು

ಊರಿನ ನೆಲವನ್ನು ಯಾವ ಯಾವ ಉಪಯೋಗಕ್ಕೆ ಬಿಡಬೇಕೆಂಬುದನ್ನು ಗೊತ್ತುಮಾಡುವಾಗ ಅಲ್ಲಿ ಬಾಳುವವರ ಮಾತಿಗೆ ಎಷ್ಟು ಬೆಲೆಯಿರಬೇಕು? ಈ ಪ್ರಶ್ನೆಯನ್ನು ಕುರಿತ ಬರೆವಣಿಗೆಗಳಲ್ಲಿ ಎರಡು ಬಹುವಾಗಿ ಹೆಸರಾಗಿವೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸರು 1914ರಲ್ಲಿ ಭಾರತಕ್ಕೆ ಬಂದ ತರುವಾಯ ಮಧುರೆ, ತಂಜಾವೂರು, ಬಲರಾಮಪುರ, ಇಂದೂರು ಮೊದಲಾದ ಊರುಗಳನ್ನು ಕುರಿತು ಬರೆದ ವರದಿಗಳು ಒಂದು. ಇವುಗಳಿಂದ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್ವಿಟ್ ಅವರು 1947ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅಮೆರಿಕದ ಶೆರಿ ಆರ್ನ್‌ಸ್ಟೀನರು 1969ರಲ್ಲಿ ಬರೆದ, ಪೌರರ ಭಾಗವಹಿಕೆಯ ಏಣಿಯನ್ನು ಕುರಿತ ಲೇಖನವು ಇನ್ನೊಂದು. ಇವೆರಡನ್ನೂ ಜೊತೆಯಲ್ಲಿಟ್ಟು ಓದಿದವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಒಂದೊಂದೂ ಒಂದೊಂದು ರೂಪಕದ ಮೇಲೆ ನಿಂತಿರುವುದರಿಂದ, ಆ ರೂಪಕಗಳ ಔಚಿತ್ಯವನ್ನೇ ಇಲ್ಲಿ ಪರೀಕ್ಷಿಸುತ್ತೇವೆ.

ಗೆಡ್ಡೀಸರ ರೂಪಕವು ವೈದ್ಯಶಾಸ್ತ್ರದ್ದು. ಊರು ರೋಗಿ, ಯೋಜಕನು ವೈದ್ಯ. ಔಷಧಕ್ಕೆ ಮುಂಚೆ ನಿದಾನವಾಗಬೇಕು. ಕತ್ತಿ ಹಿಡಿಯಲೇಬೇಕಾದರೆ ಆದಷ್ಟು ಕಡಮೆ ಕೊಯ್ದು, ಉಳಿಸಬಹುದಾದುದನ್ನೆಲ್ಲ ಉಳಿಸಬೇಕು. ತಂಜಾವೂರಿನಂಥ ಹಳೆಯ ಊರಿನ ಓಣಿಗಳ ಮೇಲೆ ಚದುರಂಗದ ಮಣೆಯಂತೆ ನೇರವಾದ ಬೀದಿಗಳನ್ನು ಎಳೆಯುತ್ತಿದ್ದ ಎಂಜಿನಿಯರುಗಳನ್ನು ಅವರು ಕಟುವಾಗಿ ಟೀಕಿಸುತ್ತಾರೆ. ಹಾಳುಬಿದ್ದ ಒಂದೆರಡು ಮನೆಗಳನ್ನು ತೆಗೆದು, ಬಾವಿಯ ಸುತ್ತ ಸ್ವಲ್ಪ ಬಯಲು ಬಿಟ್ಟು, ಒಂದು ಮರ ನೆಟ್ಟರೆ ಗಾಳಿ ಬೆಳಕುಗಳು ಬರುವುವು, ನೂರಾರು ಸಂಸಾರಗಳು ಬೀದಿಗೆ ಬೀಳುವುದು ತಪ್ಪುವುದು, ಖರ್ಚೂ ಎಷ್ಟೋ ಕಡಮೆಯಾಗುವುದು ಎಂಬುದು ಅವರ ವಾದ. ನೂರು ವರ್ಷಗಳಾದ ಮೇಲೂ ಈ ಪುಟಗಳು ಸಪ್ಪೆಯಾಗಿಲ್ಲ. ಪ್ರತಿಯೊಂದು ಓಣಿಯನ್ನೂ ಕಾಲಿನಲ್ಲಿ ನಡೆದು ನೋಡಿದವರ ಮಾತು ಅದು.

ಆದರೆ ಒಂದು ಕೊರತೆಯುಂಟು. ಈ ವರದಿಗಳಲ್ಲಿ ನಿವಾಸಿಗಳು ಎಲ್ಲೆಲ್ಲಿಯೂ ಕಾಣುತ್ತಾರೆ, ಮಾತನಾಡುವುದು ಮಾತ್ರ ಅಪರೂಪ. ವೈದ್ಯನು ದಯಾಳುವಾದರೂ ನಾಡಿ ಹಿಡಿಯುವ ಕೈ ಅವನದೇ. ರೋಗಿಗೆ ಏನು ಬೇಕೆಂಬುದು ರೋಗಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಆರ್ನ್‌ಸ್ಟೀನರ ಏಣಿಯಲ್ಲಿ ಎಂಟು ಮೆಟ್ಟಿಲುಗಳಿವೆ. ಕೆಳಗಿನಿಂದ ಎರಡನೆಯದಕ್ಕೆ, ಭಾಗವಹಿಕೆಯೇ ಅಲ್ಲವೆಂದು ಅವರು ತಳ್ಳಿಹಾಕುವ ಮೆಟ್ಟಿಲಿಗೆ, ಅವರು ಕೊಟ್ಟಿರುವ ಹೆಸರು ‘ಚಿಕಿತ್ಸೆ’! ಗೆಡ್ಡೀಸರನ್ನು ಮನಸ್ಸಿನಲ್ಲಿಟ್ಟು ಅವರು ಹಾಗೆ ಬರೆದರೆಂದು ನಾವು ಹೇಳುವುದಿಲ್ಲ. ಆದರೂ ಪೌರರನ್ನು ಗುಣಪಡಿಸಬೇಕಾದವರೆಂದು ಎಣಿಸುವ ಉಪಕಾರಬುದ್ಧಿಗೆ ಇದಕ್ಕಿಂತ ತೀಕ್ಷ್ಣವಾದ ಖಂಡನೆಯು ದೊರೆಯದು.

ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಎಂಬ ನಡುವಣ ಮೂರು ಮೆಟ್ಟಿಲುಗಳು ಈ ಲೇಖನದಲ್ಲಿ ಕೇವಲ ತೋರಿಕೆಯವು. ಅಧಿಕಾರದಲ್ಲಿ ಪಾಲು ದೊರೆಯುವುದು ಅವುಗಳ ಮೇಲೆ. ಲೇಖನದ ಮಧ್ಯೆ ಪ್ಯಾರಿಸ್ಸಿನ ವಿದ್ಯಾರ್ಥಿಗಳ ಒಂದು ಭಿತ್ತಿಪತ್ರದ ಪ್ರಸ್ತಾಪವಿದೆ. ‘ಭಾಗವಹಿಸು’ ಎಂಬ ಧಾತುವನ್ನು ಎಲ್ಲ ಪುರುಷಗಳಲ್ಲಿಯೂ ವಚನಗಳಲ್ಲಿಯೂ ಕ್ರಮವಾಗಿ ನಡೆಯಿಸಿ, ಕಡೆಯಲ್ಲಿ ಪ್ರಥಮಪುರುಷ ಬಹುವಚನಕ್ಕೆ ಬಂದಾಗ ಧಾತುವೇ ಬದಲಾಗಿ, ಲಾಭವು ‘ಅವರ’ ಪಾಲಾಗುತ್ತದೆ. ವ್ಯಾಕರಣವು ರಾಜ್ಯಶಾಸ್ತ್ರಕ್ಕೆ ಇಷ್ಟು ಸೊಗಸಾಗಿ ಸೇವೆ ಮಾಡಿದುದು ವಿರಳ.

ಏಣಿಯ ರೂಪಕಕ್ಕೂ ದೋಷವಿದೆ. ಮೆಟ್ಟಿಲುಗಳು ನೂರೈವತ್ತಾದರೂ ಇರಬಹುದು, ಬಡವರೆಲ್ಲ ಒಂದೇ ಗುಂಪಲ್ಲ ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಅದನ್ನು ಮತ್ತೆ ಎತ್ತಿ ಆಡುವುದು ನ್ಯಾಯವಲ್ಲ. ನಮ್ಮ ಆಕ್ಷೇಪಣೆ ಬೇರೆ. ಏಣಿಯು ಎತ್ತರವನ್ನು ಅಳೆಯುತ್ತದೆ, ಕಾಲವನ್ನು ಅಳೆಯುವುದಿಲ್ಲ. ನಿವಾಸಿಗಳಿಗೆ ಎಷ್ಟು ಅಧಿಕಾರವೆಂಬುದರಷ್ಟೇ ಮುಖ್ಯವಾದುದು, ಅವರನ್ನು ಯಾವಾಗ ಕೇಳಿದರೆಂಬುದು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯನ್ನು ನೋಡಬಹುದು. ಯೋಜನೆಯು ಪ್ರಾಧಿಕಾರದಲ್ಲಿ ಸಿದ್ಧವಾಗಿ, ಸರ್ಕಾರದ ಕೈಯನ್ನು ಹಾದು, ಆಮೇಲೆ ಜನರ ಮುಂದೆ ಬರುತ್ತದೆ. ಗೊತ್ತಾದ ಅವಧಿಯೊಳಗೆ ಅವರು ಬರೆದು ತಿಳಿಸಬಹುದು. ಹಳದಿ ಬಣ್ಣವೆಂದರೆ ವಾಸ, ನೀಲಿಯೆಂದರೆ ವ್ಯಾಪಾರವೆಂದು ಬಲ್ಲವರೆಷ್ಟು ಮಂದಿ? ಬೆಂಗಳೂರಿನಲ್ಲಿ 2007ರ ಯೋಜನೆಯು ವಸತಿಯ ಬೀದಿಗಳೊಳಗೆ ವ್ಯಾಪಾರಕ್ಕೆ ಎಡೆಗೊಟ್ಟಿತೆಂಬುದು ಎಷ್ಟೋ ಜನಕ್ಕೆ ತಿಳಿದದ್ದು ಪಕ್ಕದ ಮನೆಯಲ್ಲಿ ಅಂಗಡಿ ತೆರೆದಾಗ. 2017ರಲ್ಲಿ ಪ್ರಕಟವಾದ ಮುಂದಿನ ಕರಡು ಆಕ್ಷೇಪಣೆಗಳ ರಾಶಿಯನ್ನೆದುರಿಸಿ, 2020ರಲ್ಲಿ ಹಿಂದಕ್ಕೆ ಹೋಯಿತು. ಸಂವಿಧಾನದ 1992ರ ತಿದ್ದುಪಡಿಯು ಮಹಾನಗರ ಯೋಜನಾ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಸದಸ್ಯರು ಚುನಾಯಿತ ಪ್ರತಿನಿಧಿಗಳಿಂದ ಆರಿಸಲ್ಪಟ್ಟವರಾಗಿರಬೇಕೆಂದು ವಿಧಿಸಿದೆ. ಏಣಿಯ ಲೆಕ್ಕದಲ್ಲಿ ಇದು ಎತ್ತರದ ಮೆಟ್ಟಿಲೇ ಸರಿ. ನಕ್ಷೆಯು ಬೇರೆಡೆಯಲ್ಲಿ ಮೊದಲೇ ಮುಗಿದಿದ್ದರೆ ಆ ಎತ್ತರದಿಂದ ಫಲವೇನು?

ಇನ್ನೊಂದು ಮಾತು. ‘ನಿವಾಸಿ’ ಎಂದೊಡನೆ ನಮ್ಮಲ್ಲಿ ಮನೆಯ ಯಜಮಾನರು ಮಾತ್ರ ಎದ್ದು ನಿಲ್ಲುತ್ತಾರೆ. ಬಾಡಿಗೆಯವರೂ ಬೀದಿಯ ವ್ಯಾಪಾರಿಗಳೂ ಹಿಂದೆ ಸರಿಯುತ್ತಾರೆ. ಇಂಗ್ಲೆಂಡಿನ 2011ರ ಕಾಯಿದೆಯಂತೆ ನೆರೆಹೊರೆಯ ಯೋಜನೆಗೆ ಜನಮತ ತೆಗೆದುಕೊಳ್ಳುವಾಗ ಆ ಪ್ರದೇಶದ ಮತದಾರರೆಲ್ಲರಿಗೂ ಹಕ್ಕುಂಟು, ಮನೆಯಿದ್ದವರಿಗೆ ಮಾತ್ರವಲ್ಲ. ಇದು ಗಮನಾರ್ಹ.

ಗೆಡ್ಡೀಸರಿಗೆ ನಾವು ಮಾಡಿದ ಅನ್ಯಾಯವನ್ನು ಇಲ್ಲಿ ಸರಿಪಡಿಸಬೇಕು. ಅವರ ಚರಿತ್ರಕಾರರು ಇಂದೂರಿನ ಒಂದು ಪ್ರಸಂಗವನ್ನು ವರ್ಣಿಸುತ್ತಾರೆ. ಪ್ಲೇಗಿನಿಂದ ಬೆದರಿದ್ದ ಊರಿನಲ್ಲಿ ದೀಪಾವಳಿಯ ಮೆರವಣಿಗೆಯು ಹಳೆಯ ದಾರಿಯನ್ನು ಹಿಡಿಯದೆ, ಯಾವ ಬೀದಿಯವರು ತಮ್ಮ ಮನೆಗಳನ್ನು ಹೆಚ್ಚಾಗಿ ಗುಡಿಸಿ ಸಾರಿಸಿ ದುರಸ್ತು ಮಾಡಿರುವರೋ ಆ ಬೀದಿಯಲ್ಲಿಯೇ ಬರುವುದೆಂದು ಅವರು ಸಾರಿಸಿದರಂತೆ. ಮೆರವಣಿಗೆಯ ದಾರಿಯನ್ನು ಊರವರೇ ತಮ್ಮ ಕೈಗೆಲಸದಿಂದ ನಿರ್ಣಯಿಸಿದರು. ಇಂದೂರು ನಗರಿಯನ್ನೇ ದೇವತೆಯಾಗಿ ರಥದಲ್ಲಿ ಕೂರಿಸಿ, ಆಕೆಯ ಪತಾಕೆಯ ಮೇಲೆ ಊರಿನ ನಕ್ಷೆಯನ್ನೂ ಮುಂದೆ ಆಗಬೇಕಾದ ಮಾರ್ಪಾಡುಗಳನ್ನು ತೋರಿಸುವ ಕೆಂಪು ಗೆರೆಗಳನ್ನೂ ಬರೆಯಿಸಿದ್ದರು. ಓದು ಬಾರದವರೂ ಅದನ್ನು ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಇಲ್ಲಿ ವೈದ್ಯನೂ ಇಲ್ಲ, ಏಣಿಯೂ ಇಲ್ಲ. ಗೆಡ್ಡೀಸರ ಕೃತ್ಯವು ಅವರ ರೂಪಕವನ್ನು ಮೀರಿದೆ. ಆದರೂ ಆ ಕೆಂಪು ಗೆರೆಗಳನ್ನು ಎಳೆದ ಕೈ ಅವರದೇ ಆಗಿತ್ತೆಂಬುದನ್ನು ವಿಮರ್ಶಕನು ಮರೆಯುವಂತಿಲ್ಲ.